ಕೂರಲು ಹೆದರಿದ ಮಳೆಗಾಲ

ಕೂರುವುದಕ್ಕೂ ಧೈರ್ಯ ಬೇಕು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಗಾಳಿಯಲ್ಲಿ ಹೊಳೆ ದಾಟಲು ಧೈರ್ಯ ಬೇಕು, ಮೇಲಧಿಕಾರಿಗಳು ಶಾಲೆ ತಪಾಸಣೆಗೆ ಬಂದಾಗ ಬೇಕು. ಕೂರುವುದಕ್ಕೆ ಎಂತ ಬೇಕು? ಒಂದು ಜಾಗ ಸಾಕು. ಹಾಗೆಂದುಕೊಂಡಿದ್ದವಳು ಕಳೆದ ಮಳೆಗಾಲದ ಬಹುಪಾಲನ್ನು ನಿಂತು, ಇಲ್ಲವೇ ಮಲಗಿ ಕಳೆದೆ. ಸೊಂಟದ ಕೀಲು ಬದಲಾಯಿಸಿಕೊಂಡು ಮನೆಗೆ ಬಂದು, ನನ್ನ ಹಾಗೆ ಕುರ್ಚಿಯ ಮುಂದೆ ನಡುಗುತ್ತ ನಿಂತವರು ಎಲ್ಲಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಡುಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಾನು ಕುಮಟಾ ಹತ್ತಿರದ ಬಂದರು ಊರು ತದಡಿಯ ಸೊಸೆ. ಅಲ್ಲೇ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಮಕ್ಕಳ ಬಾಯಲ್ಲಿ ಅಕ್ಕೋರು. ನನ್ನ ಗಂಡ ಮೀನುಗಾರಿಕೆ ಬೋಟಿನ ತಾಂಡೇಲರು. ಚುಕ್ಕಾಣಿ ಹಿಡಿಯುವುದೂ ಅವರೇ, ಬೋಟಿನ ಜನರನ್ನು ಸುಧಾರಿಸುವುದೂ ಅವರೇ. ಬೋಟು ಮಾತ್ರ ಬೇರೆ ಮಾಲಕರದು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಒಬ್ಬಳೇ ಮಗಳು ಭಟ್ಕಳದಲ್ಲಿ ಸಂಸಾರಸ್ಥೆ. ದಿನಾ ಫೋನು ಮಾಡಿ ನಮ್ಮ ಮೂವರನ್ನೂ ಜೋರು ಮಾಡುತ್ತಾಳೆ.

ಎಡಗಡೆ ಸೊಂಟದ ನೋವು ವರ್ಷಗಳಿಂದ ಇತ್ತು. ಕಾಲು ಎಳೆದು ನಡೆಯುತ್ತಿದ್ದೆ, ಮಕ್ಕಳು ನನ್ನ ಹಿಂದೆ ನನ್ನದೇ ನಡಿಗೆ ಹಾಕಿ ತೋರಿಸುತ್ತಿದ್ದರು. ಎಣ್ಣೆ ತಿಕ್ಕಿ ಆಯಿತು, ಕಷಾಯ ಕುಡಿದು ಆಯಿತು. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಕೀಲು ಪೂರ್ತಿ ಸವೆದಿದೆ, ಬದಲಾಯಿಸದೆ ದಾರಿಯಿಲ್ಲ ಎಂದರು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಗಂಡ ಮನೆಯಲ್ಲಿರುತ್ತಾರೆ ಎಂದು ಲೆಕ್ಕ ಹಾಕಿ ಆ ಸಮಯಕ್ಕೇ ಆಪರೇಶನ್ ಇಟ್ಟುಕೊಂಡೆವು. ಬೋಟು ಮತ್ತೆ ಹೊರಡುವ ಹೊತ್ತಿಗೆ ನಾನು ಯಾರ ಕೈ ಹಿಡಿಯದೆ ಕೂತು ಏಳುವಂತಾಗಬೇಕು. ಎಲ್ಲದಕ್ಕೂ ಲೆಕ್ಕ ಇತ್ತು, ಹೆದರಿಕೆಗೆ ಮಾತ್ರ ಇರಲಿಲ್ಲ.

ಆಪರೇಶನ್ನಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬೆನ್ನಿಗೆ ಸೂಜಿ ಚುಚ್ಚಿದರು. ಪರದೆಯ ಆಚೆ ಬಡಗಿ ಕೆಲಸದಂಥ ಸದ್ದು ಕೇಳಿತು, ಅದು ನನ್ನ ಮೇಲೆಯೇ ನಡೆಯುತ್ತಿದೆ ಎಂದು ಗೊತ್ತಾಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ನಿಜವಾದ ಹೆದರಿಕೆ ಶುರುವಾದದ್ದು ಮನೆಗೆ ಕಳಿಸುವ ದಿನ.

"ಮೊಣಕಾಲಿಗಿಂತ ಸೊಂಟ ಯಾವಾಗಲೂ ಮೇಲಿರಬೇಕು," ಎಂದರು ಡಾಕ್ಟರು. "ತಗ್ಗಿನಲ್ಲಿ ಕೂರಬೇಡಿ. ಕಾಲ ಮೇಲೆ ಕಾಲು ಹಾಕಬೇಡಿ. ಬಿದ್ದದ್ದನ್ನು ಹೆಕ್ಕಲು ಬಗ್ಗಬೇಡಿ. ತೊಂಬತ್ತು ಡಿಗ್ರಿ, ಅದಕ್ಕಿಂತ ಹೆಚ್ಚು ಮಡಚಬೇಡಿ."

"ತಪ್ಪಿ ಮಡಚಿದರೆ?"

"ಹೊಸ ಕೀಲಿನ ಚೆಂಡು ಗುಳಿಯಿಂದ ಜಾರಬಹುದು. ಕಾಲು ಗಿಡ್ಡ ಆದ ಹಾಗೆ ಕಂಡರೆ, ಪಾದ ಒಳಗೆ ತಿರುಗಿದರೆ ತಡಮಾಡದೆ ಬನ್ನಿ."

ಬಸ್ಸು ಸ್ವಲ್ಪ ತಡವಾಗಬಹುದು ಎನ್ನುವಷ್ಟು ಹಗುರವಾಗಿ ಅವರು ಹೇಳಿದರು. ಲಂಬಕೋನ ಎಂದರೇನು ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದವಳು ನಾನು. ಅದೀಗ ನನ್ನ ಮೈಯೊಳಗೇ ಬಂದು ಕುಳಿತಿತ್ತು. ಮನೆಗೆ ಬರುವಾಗ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಕೆಳಗೆ ದಿಂಬು ಇಟ್ಟು ನನ್ನನ್ನು ಮಲಗಿಸಿದ್ದರು. ಭಟ್ಕಳ ಬಂತು, ಹೊನ್ನಾವರದ ಸೇತುವೆ ಬಂತು, ಕುಮಟಾ ಬಂತು. ನಾನು ಕಂಡದ್ದು ಕಾರಿನ ಚಾವಣಿ ಒಂದೇ. ರಸ್ತೆಯ ಪ್ರತಿ ಉಬ್ಬಿಗೂ ಸೀಟಿನ ಅಂಚು ಹಿಡಿದುಕೊಂಡು ದೇವರನ್ನು ಕರೆಯುತ್ತಿದ್ದೆ.

ಮನೆಯ ಬಾಗಿಲಲ್ಲಿ ವಾಕರ್ ಹಿಡಿದು ನಿಂತು ಒಳಗೆ ನೋಡಿದೆ. ಅಯ್ಯೋ ದೇವರೇ, ನಮ್ಮ ಮನೆಯಲ್ಲಿ ಎಲ್ಲವೂ ನೆಲದ ಹತ್ತಿರವೇ! ಊಟಕ್ಕೆ ಮಣೆ. ಕಾಯಿ ತುರಿಯುವುದು ನೆಲದಲ್ಲಿ, ಮೀನು ಕೊಯ್ಯುವುದು ನೆಲದಲ್ಲಿ. ಮಂಚ ತಗ್ಗು. ಮಗಳ ಮದುವೆಗೆಂದು ತಂದ ಸೋಫಾ ಉಂಟು, ಕೂತರೆ ಮನುಷ್ಯ ಅದರೊಳಗೆ ಇಳಿದೇ ಹೋಗುತ್ತಾನೆ. ಪ್ಲಾಸ್ಟಿಕ್ ಕುರ್ಚಿಗಳು ಮಳೆಗಾಲದ ತೇವದ ನೆಲದ ಮೇಲೆ ಕಾಲು ಅಗಲಿಸಿಕೊಂಡು ಜಾರುತ್ತವೆ. ಇಷ್ಟು ವರ್ಷ ಬಾಳಿದ ಮನೆಯಲ್ಲಿ ನನಗೆ ಕೂರಲು ಒಂದೇ ಒಂದು ಜಾಗ ಇರಲಿಲ್ಲ.

ಮಂಚದ ಕಾಲಿಗೆ ಕಲ್ಲು ಕೊಟ್ಟು ಎತ್ತರಿಸಿದರು. ಕಕ್ಕಸಿಗೆ ಎತ್ತರದ ಸೀಟು ಮೊದಲೇ ತಂದಿದ್ದರು. ಗಂಡ ಅದನ್ನು ಬೋಟಿನ ನೈಲಾನ್ ಹಗ್ಗದಿಂದ ಹೇಗೆ ಬಿಗಿದಿದ್ದರೆಂದರೆ ಬಿರುಗಾಳಿ ಬಂದರೂ ಅಲುಗುವಂತಿರಲಿಲ್ಲ. ಆದರೂ ಅಲ್ಲಿ ಕೂತ ಅಷ್ಟೂ ಹೊತ್ತು ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ, ಹೊರಗೆ ಅವರು ಬಾಗಿಲಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದರು. ಮದುವೆಯಾದ ಹೊಸತರಲ್ಲೂ ಅವರು ನನ್ನನ್ನು ಇಷ್ಟು ಕಾದಿರಲಿಲ್ಲ.

ಆ ವಾರವೇ ಹೊನ್ನಾವರದಿಂದ ನನ್ನ ಅತ್ತಿಗೆ, ಅಣ್ಣನ ಹೆಂಡತಿ, ನೋಡಲು ಬಂದರು. ಬಾಳೆಹಣ್ಣು ಕೊಟ್ಟು, ಚಾ ಕುಡಿದು, ಮೆಲ್ಲಗೆ ಶುರುಮಾಡಿದರು.

"ನಮ್ಮ ಮನೆ ಹತ್ರದ ಮಾಸ್ತರ್ರಿಗೂ ಇದೇ ಆಪರೇಶನ್ ಆಗಿತ್ತು. ಟೀವಿ ನೋಡುಕೆ ಅಂತ ಸೋಫಾ ಮೇಲೆ ಕೂತ್ರು ನೋಡು, ಕಟಕ್ ಅಂತು! ಚೆಂಡು ಹೊರಗೆ. ಅವ್ರ ಬೊಬ್ಬೆ ನಮ್ಮ ಅಡಗೆ ಮನಿಗೆ ಕೇಳ್ತು."

"ಆಮೇಲೆ?"

"ಆಮೇಲೆ ಎಂತ, ಮತ್ತೆ ಎಚ್ಚರ ತಪ್ಸಿ ಕೂರ್ಸಿದ್ರು. ನೀ ಎಂತ ಹೆದರ್ಬೇಡ ಹಾಂ?"

ಹೀಗೆ ಧೈರ್ಯ ಹೇಳಿ ಅವರು ಸಂಜೆಯ ಬಸ್ಸಿಗೆ ಹೊರಟುಹೋದರು. ಆ ಕಟಕ್ ಮಾತ್ರ ನನ್ನ ಮಂಚದ ಹತ್ತಿರವೇ ಉಳಿಯಿತು. ಅಂದಿನಿಂದ ನಾನು ಮಂಚದ ಅಂಚಿನಲ್ಲಿ ಕೂರುವುದನ್ನೂ ಬಿಟ್ಟೆ. ಮಲಗಿದಲ್ಲಿಂದ ನೆಟ್ಟಗೆ ಏಳುವುದು, ವಾಕರ್ ಹಿಡಿದು ನಿಲ್ಲುವುದು, ಸುಸ್ತಾದರೆ ಮತ್ತೆ ಮಲಗುವುದು. ಊಟವೂ ನಿಂತೇ. ಕಿಟಕಿಯ ಕಟ್ಟೆಯ ಮೇಲೆ ಬಟ್ಟಲು ಇಟ್ಟುಕೊಂಡು, ಹೊಳೆ ನೋಡುತ್ತ, ಒಂದು ಕೈಯಲ್ಲಿ ವಾಕರ್ ಹಿಡಿದು ಉಣ್ಣುತ್ತಿದ್ದೆ. ಅತ್ತೆ ಮತ್ತು ಗಂಡ ಹಿಂದೆ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಬೆನ್ನು ಅವರಿಗೆ ಕಾಣುತ್ತಿತ್ತು.

ಗಂಡನಿಗೆ ಅದನ್ನು ತಡೆಯಲಾಗಲಿಲ್ಲ. "ನೀ ಹೀಂಗೆ ಕುದ್ರೆ ನಿಂತ ಹಾಂಗೆ ನಿಂತ್ಕಂಡು ಉಂಡ್ರೆ ನಂಗೆ ತುತ್ತು ಇಳಿಯುದಿಲ್ಲ. ತಡಿ, ನಾ ಒಂದು ಏರ್ಪಾಡು ಮಾಡ್ತೆ," ಎಂದರು.

ಮರುದಿನ ಬಂದರಿನಿಂದ ಒಂದು ದೊಡ್ಡ ಥರ್ಮಾಕೋಲ್ ಬಾಕ್ಸು ಬಂತು. ಮೀನಿಗೆ ಐಸು ಹಾಕಿ ತುಂಬಿ ಕಳಿಸುತ್ತಾರಲ್ಲ, ಅದೇ. ಸಾಬೂನು ಹಾಕಿ ತೊಳೆದಿದ್ದರು, ಆದರೂ ಬಂಗಡೆ ವಾಸನೆ ಹೋಗಿರಲಿಲ್ಲ. ನನ್ನ ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನವರೆಗೆ ಅಳತೆಗೆ ಹಗ್ಗ ಹಿಡಿದು ಗಂಟು ಹಾಕಿದರು, ಅದಕ್ಕಿಂತ ನಾಲ್ಕು ಬೆರಳು ಮೇಲೆ ಬರುವಂತೆ ಬಾಕ್ಸಿನ ಮುಚ್ಚಳದ ಮೇಲೆ ದಿಂಬು ಮಡಚಿ ಇಟ್ಟರು. ಜಾರದಿರಲಿ ಎಂದು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದರು.

"ಗಟ್ಟಿ ಅದ್ಯಾ?" ಎಂದೆ.

"ಗಟ್ಟಿಯಾ? ಬೋಟಲ್ಲಿ ನಾವು ಇದರ ಮೇಲೇ ಕೂತ್ಕಂಡು ಉಣ್ಣುದು ಮಾರಾಯ್ತಿ. ಇಬ್ರು ಕೂತ್ರೂ ಎಂತ ಆಗುದಿಲ್ಲ."

ಅವರು ಸುಳ್ಳು ಹೇಳಲಿಲ್ಲ. ಬೋಟಿನಲ್ಲಿ ಆ ಬಾಕ್ಸುಗಳ ಹೊಟ್ಟೆಯಲ್ಲಿ ಐಸು, ಮೀನು ಕಿಕ್ಕಿರಿದು ತುಂಬಿರುತ್ತವೆ. ಕೂತವರ ಭಾರ ಹೊರುವುದು ಐಸು. ನಮ್ಮ ಮನೆಯ ಬಾಕ್ಸು ಖಾಲಿ. ಹುಟ್ಟಿದಾಗಿನಿಂದ ಬೋಟು ನೋಡಿದ ಅವರಿಗೂ ಅದು ಹೊಳೆಯಲಿಲ್ಲ, ಘನಫಲ ಕಲಿಸುವ ಅಕ್ಕೋರಿಗೂ ಹೊಳೆಯಲಿಲ್ಲ. ನಾನು ಕೇಳಿದ್ದೆಲ್ಲ ಎತ್ತರದ ಬಗ್ಗೆ, ಜಾರುವುದರ ಬಗ್ಗೆ.

ಆಸ್ಪತ್ರೆಯಲ್ಲಿ ಕಲಿಸಿಕೊಟ್ಟ ಹಾಗೇ ಮಾಡಿದೆ. ಬೆನ್ನು ತಿರುಗಿಸಿ ನಿಂತೆ. ಎಡಗಾಲು ಮುಂದೆ ಚಾಚಿದೆ. ಅವರ ಎರಡೂ ಕೈ ಹಿಡಿದು ಮೆಲ್ಲಗೆ ಇಳಿದೆ. ಕೂತೆ! ಅಬ್ಬಾ, ಎಷ್ಟು ದಿನಗಳ ಮೇಲೆ ಮೈ ಒಂದು ಕಡೆ ಊರಿತು ಎಂದರೆ ಕಣ್ಣಲ್ಲಿ ನೀರೇ ಬಂತು. ಅವರು ಹೆಮ್ಮೆಯಿಂದ "ನೋಡು!" ಎಂದು ಕೈ ಬಿಟ್ಟರು.

ಕಟಕ್.

ನಾನು ಕೆಳಗೆ ಹೋದೆ. ಮೊಣಕಾಲು ಎದೆಯ ಹತ್ತಿರ ಬಂತು. ಬಾಕ್ಸಿನೊಳಗೆ ಸೊಂಟ ಸಿಕ್ಕಿಕೊಂಡು, ಎರಡೂ ಕಾಲು ಮೇಲಾಗಿ, ಬಾಯಿ ತೆರೆದು ಕೂತಿದ್ದೆ. ಬೊಬ್ಬೆ ಹೊರಗೆ ಬರಲಿಲ್ಲ. ಒಡೆದದ್ದು ಬಾಕ್ಸೋ, ನನ್ನ ಕೀಲೋ? ಅದೇ ಸದ್ದು, ಅತ್ತಿಗೆ ಹೇಳಿದ ಅದೇ ಸದ್ದು. ನೋವು ಇದೆಯೋ ಇಲ್ಲವೋ ಎಂದು ತಿಳಿಯಲೂ ಹೆದರಿಕೆ. ಗಂಡ ಕೈ ಚಾಚಿದಾಗ "ಮುಟ್ಬೇಡಿ!" ಎಂದು ಕಿರುಚಿದೆ. ಅವರ ಮುಖ ಬಿಳುಚಿಕೊಂಡಿತ್ತು. ಕಡಲಿನಲ್ಲಿ ಏನೇನು ಕಂಡು ಬಂದವರೋ ಏನೋ, ಅವರ ಆ ಮುಖವನ್ನು ನಾನು ನೋಡಿರಲಿಲ್ಲ.

ಕಡೆಗೆ ಬಾಕ್ಸನ್ನೇ ಎರಡೂ ಕಡೆ ಮುರಿದು, ಕಂಕುಳಿಗೆ ಕೈ ಹಾಕಿ ನನ್ನನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರು. ನಾನು ಎಡಗಾಲನ್ನು ನೆಲಕ್ಕೆ ಊರಲೇ ಇಲ್ಲ. ಆಸ್ಪತ್ರೆಗೆ ಫೋನು ಮಾಡಿದೆವು. ಕುಮಟಾದಲ್ಲಿ ಮೂಳೆ ಡಾಕ್ಟರ ಹತ್ತಿರ ಕೂಡಲೇ ಫೋಟೋ ತೆಗೆಸಿ ಎಂದರು. ಕಾರಿನಲ್ಲಿ ಕೂರುವ ಮಾತೇ ಇಲ್ಲ ಎಂದು ನಾನು ಹಟ ಹಿಡಿದೆ. ಬಂದರಿನಲ್ಲಿ ಮೀನು ಸಾಗಿಸುವ ಪಿಕಪ್ ಇತ್ತು. ಅದರಲ್ಲಿ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಕಟ್ಟಿ ನನ್ನನ್ನು ಮಲಗಿಸಿದರು. ಗಂಡ ಮುಂದೆ, ಡ್ರೈವರನ ಪಕ್ಕ. ಅತ್ತೆ ಹಿಂದೆ, ನನ್ನ ಕಾಲ ಬುಡದಲ್ಲಿ.

ಟಾರ್ಪಾಲಿನ ಮೇಲೆ ಮಳೆ ಹೊಡೆಯುತ್ತಿತ್ತು. ಕಾಲು ಗಿಡ್ಡ ಆದರೆ ಬನ್ನಿ ಎಂದಿದ್ದರಲ್ಲ ಡಾಕ್ಟರು. ನನಗೆ ಕುತ್ತಿಗೆ ಎತ್ತಿ ನೋಡಲೂ ಧೈರ್ಯವಿರಲಿಲ್ಲ.

"ಅತ್ತೆ, ಎರಡೂ ಪಾದ ಸಮ ಇದ್ದಾವಾ ನೋಡಿ."

ಅತ್ತೆ ಬಗ್ಗಿ ನೋಡಿದರು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು.

"ಒಂದು ಚೂರು ಗಿಡ್ಡ ಕಾಣ್ತದೆ."

"ಯಾವ್ದು?"

"ಎರಡೂ," ಎಂದರು ಅತ್ತೆ. "ನೀ ಗಿಡ್ಡವೇ ಅಲ್ದಾ?"

ಈಗ ನಗು ಬರುತ್ತದೆ. ಆಗ ನಾನು ಮಿರ್ಜಾನ್ ದಾಟುವವರೆಗೂ ಅಳುತ್ತಲೇ ಇದ್ದೆ. ದೇವರೇ, ಮತ್ತೆ ಆ ಟೇಬಲ್ಲಿನ ಮೇಲೆ ಮಲಗಿಸಬೇಡ, ಮತ್ತೆ ಆ ಸದ್ದು ಕೇಳಿಸಬೇಡ ಎಂದು ಒಂದೇ ಸಮನೆ ಬೇಡುತ್ತಿದ್ದೆ. ಅತ್ತೆ ನನ್ನ ಎರಡೂ ಹೆಬ್ಬೆರಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು, ಕುಮಟಾ ಬರುವವರೆಗೂ ಬಿಡಲಿಲ್ಲ.

ಡಾಕ್ಟರ ಕೋಣೆಯ ಹೊರಗೆ ಸಾಲು ಸಾಲು ಸ್ಟೀಲಿನ ಕುರ್ಚಿಗಳು, ಎಲ್ಲ ತಗ್ಗಿನವು. ನಾನು ಗೋಡೆಗೆ ಒರಗಿ, ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ನಿಂತೆ. ನೋಡಿದವರಿಗೆಲ್ಲ ನನ್ನ ಮೇಲೆ ಕನಿಕರ. ಕೂತ್ಕೊಳ್ಳಿ ಅಕ್ಕ, ಕೂತ್ಕೊಳ್ಳಿ ಅಮ್ಮ, ಬನ್ನಿ ಇಲ್ಲಿ ಜಾಗ ಇದೆ. ಒಬ್ಬೊಬ್ಬರಿಗೂ ಬೇಡ ಬೇಡ ಎಂದು ಹೇಳಿ ಹೇಳಿ ಕೊನೆಗೆ ಯಾರೋ ಪಾಪದವರ ಮೇಲೆ ರೇಗಿಯೇಬಿಟ್ಟೆ. ಆಗ ಬುರ್ಖಾ ಹಾಕಿದ ಹೆಂಗಸೊಬ್ಬರು ಎದ್ದು ನನ್ನ ಹತ್ತಿರ ಬಂದರು. ಭಟ್ಕಳದವರು.

"ಹಿಪ್ ಆಪರೇಶನ್ನಾ?" ಎಂದು ಮೆಲ್ಲಗೆ ಕೇಳಿದರು. ಹೌದೆಂದೆ. "ನಮ್ಮ ಯಜಮಾನ್ರಿಗೂ ಆಗಿತ್ತು. ಅವ್ರೂ ಹೀಗೇ, ಕೂರಿ ಅಂದ್ರೆ ಸಿಟ್ಟು. ನಾನು ಕೂರಿ ಅನ್ನುದಿಲ್ಲ. ನನ್ನ ಹೆಗಲು ಹಿಡ್ಕೊಳ್ಳಿ."

ಹಿಡಿದುಕೊಂಡೆ. ಅವರ ಸರದಿ ಬಂದಾಗ ನನ್ನನ್ನೇ ಒಳಗೆ ಕಳಿಸಿದರು. ಹೆಸರು ಕೇಳಲೂ ನನಗೆ ಬುದ್ಧಿ ಓಡಲಿಲ್ಲ. ಆ ಹೆಗಲನ್ನು ಈಗಲೂ ನೆನೆಯುತ್ತೇನೆ.

ಫೋಟೋ ಬರುವವರೆಗಿನ ಹೊತ್ತು ಹೇಗೆ ಹೋಯಿತು ಎಂದು ಹೇಳಲಾರೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಅವರ ಮುಖ ನೋಡಿದೆ.

"ಚೆಂಡು ಅದರ ಜಾಗದಲ್ಲೇ ಇದೆ, ಅಕ್ಕೋರೆ. ಒಡೆದದ್ದು ನಿಮ್ಮ ಬಾಕ್ಸು ಮಾತ್ರ," ಎಂದು ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಆಮೇಲೆ ಅಳು ಬಂತು. ಗಂಡ ಮಾತ್ರ ಹೊರಗೆ ಹೋಗಿ ಮಳೆಯಲ್ಲಿ ಒಬ್ಬರೇ ನಿಂತುಬಿಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೀಲು ಸರಿಯಿದೆ ಎಂದು ಫೋಟೋ ಹೇಳಿದರೂ ನನ್ನ ಕಾಲು ಅದನ್ನು ನಂಬಲಿಲ್ಲ. ಗಂಡ ಈ ಸಲ ಹುಷಾರಾಗಿದ್ದರು. ಕುಮಟಾದಿಂದ ಮರದ ಕುರ್ಚಿ ತಂದರು. ಗಟ್ಟಿ ಹಲಗೆ, ಎರಡು ಕಡೆ ಒತ್ತಿ ಏಳಲು ಕೈಗಳು, ಎತ್ತಲು ಇಬ್ಬರು ಬೇಕಾಗುವಷ್ಟು ಭಾರ. ಬಡಗಿಯಿಂದ ನಾಲ್ಕೂ ಕಾಲಿಗೆ ಮರದ ತುಂಡು ಬಡಿಸಿ ಎತ್ತರ ಮಾಡಿಸಿದರು, ಅಡಿಯಲ್ಲಿ ರಬ್ಬರು ಹಾಕಿಸಿದರು. ಗೋಡೆಗೆ ತಾಗಿಸಿ ಇಟ್ಟರು. ಬೋಟಿನ ಹುಡುಗರನ್ನು ಕರೆತಂದು ಒಬ್ಬೊಬ್ಬರನ್ನಾಗಿ ಕೂರಿಸಿ, ಅಲುಗಾಡಿಸಿ ತೋರಿಸಿದರು. ನನಗೆ ಗೊತ್ತು, ಇದಕ್ಕಿಂತ ಒಳ್ಳೆಯ ಕುರ್ಚಿ ಸಿಗುವುದಿಲ್ಲ. ಆದರೆ ಬೆನ್ನು ತಿರುಗಿಸಿ ನಿಂತು, ಕಾಲಿನ ಹಿಂಬದಿಗೆ ಹಲಗೆಯ ಅಂಚು ತಾಗಿದ ಕೂಡಲೆ ಮೈಯೆಲ್ಲ ಬೆವರಿ ಮತ್ತೆ ಮುಂದೆ ಬಂದುಬಿಡುತ್ತಿದ್ದೆ. ದಿನಾ ಇದೇ ಕತೆ. ಮಗಳು ಫೋನಿನಲ್ಲಿ "ಆಯಿ, ಕೂತೆಯಾ?" ಎಂದು ಕೇಳುವುದನ್ನೇ ಬಿಟ್ಟಳು.

ಮಳೆ ಕಡಿಮೆಯಾಯಿತು. ಬಂದರಿನಲ್ಲಿ ಬೋಟುಗಳಿಗೆ ಬಣ್ಣ ಬಳಿಯುವುದು, ಬಲೆ ಏರಿಸುವುದು ಶುರುವಾಯಿತು. ಹೊಸ ಮೀನುಗಾರಿಕೆ ಸಾಲಿನ ಮೊದಲ ದಿನಗಳಲ್ಲಿ ತಾಂಡೇಲ ಬರದಿದ್ದರೆ ಮಾಲಕರು ಕಾಯುವುದಿಲ್ಲ, ಬೇರೆಯವರನ್ನು ಹತ್ತಿಸುತ್ತಾರೆ. ಆ ವರ್ಷವಿಡೀ ಆ ಬೋಟು ಬೇರೆಯವರದೇ. ಒಂದು ಮಧ್ಯಾಹ್ನ ಊಟ ಮುಗಿಸಿ ಅವರು ಅಂಗಿ ಹಾಕಿಕೊಂಡರು.

"ನಾ ಈ ಸಲ ಹೋಗುದಿಲ್ಲ ಅಂತ ಹೇಳಿ ಬತ್ತೆ."

"ಹುಚ್ಚಾ ನಿಮ್ಗೆ? ಹೋಗಿ ನೀವು. ನಾನು ಹೇಗೋ ಇರ್ತೆ."

"ಹೇಗೆ ಇರ್ತೆ? ನಿಂತ್ಕಂಡಾ?" ಎಂದರು. ಜೋರು ಮಾಡಲಿಲ್ಲ, ಅದೇ ನನಗೆ ಹೆಚ್ಚು ತಾಗಿತು. ಚಪ್ಪಲಿ ಮೆಟ್ಟಿ ಹೊರಟುಹೋದರು.

ನಾನು ಕುರ್ಚಿಯ ಮುಂದೆ ಹೋಗಿ ನಿಂತೆ. ತಿರುಗಿದೆ. ಹಲಗೆಯ ಅಂಚು ತಾಗಿತು. ಕಾಲು ನಡುಗಿತು. ಮುಂದೆ ಬಂದೆ. ನನ್ನ ಮೇಲೆ ನನಗೇ ಎಷ್ಟು ಹೇಸಿಗೆಯಾಯಿತೆಂದರೆ ವಾಕರನ್ನು ನೆಲಕ್ಕೆ ಕುಟ್ಟಿದೆ. ಅಡುಗೆ ಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಆಯುಷ್ಯವಿಡೀ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವರು. ಮಾರುವಾಗ ಕೂರುವುದು ಅಂಗಳದಲ್ಲಿ, ಇಲ್ಲವೇ ಮೆಟ್ಟಿಲ ಬುಡದಲ್ಲಿ. ಕುರ್ಚಿಯಲ್ಲಿ ಕೂರಿ ಎಂದು ಅವರಿಗೆ ಯಾರೂ ಹೇಳಿದವರಿಲ್ಲ. ಆಮೇಲೆ ನಾವು ಹೇಳಿದರೂ ಅವರು ಕೂರಲಿಲ್ಲ. ನಮ್ಮ ಮಗಳ ಮದುವೆಯ ಛತ್ರದಲ್ಲೂ ಕಂಬದ ಹತ್ತಿರ ನೆಲದಲ್ಲೇ ಕೂತಿದ್ದರು.

ಆವತ್ತು ಅವರು ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು. "ಸರಿ ಆಚೆಗೆ," ಎಂದರು. ಸೀರೆ ಎತ್ತಿ ಸಿಕ್ಕಿಸಿ, ಕುರ್ಚಿಯ ಕೈ ಹಿಡಿದು, ಹತ್ತಿದರು. ಕೂತರು ಎನ್ನುವುದಕ್ಕಿಂತ ಹತ್ತಿದರು ಎನ್ನುವುದೇ ಸರಿ, ಯಾಕೆಂದರೆ ಅವರು ನನಗಿಂತಲೂ ಗಿಡ್ಡ, ಕುರ್ಚಿ ನನ್ನ ಅಳತೆಗಿಂತಲೂ ಎತ್ತರ. ಎರಡೂ ಪಾದ ಗಾಳಿಯಲ್ಲಿ ನೇತಾಡಿದವು. ಬೆನ್ನು ಒರಗಿಸಲಿಲ್ಲ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಅವುಚಿಕೊಂಡು, ಕೆಳಗೆ ನೋಡಿದರು.

"ಅತ್ತೆ, ಎಂತ ಮಾಡ್ತಿದ್ರಿ?"

"ಸುಮ್ನಿರೆ. ಮಾತಾಡಿಸ್ಬೇಡ, ಬೀಳ್ತೆ."

ಅವರ ತುಟಿ ನಡುಗುತ್ತಿತ್ತು. ಅಷ್ಟು ಗಟ್ಟಿ ಹೆಂಗಸಿನ ತುಟಿ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಇಳಿಯಲು ಮುಂದೆ ಜರುಗಿದರು. ಪಾದ ನೆಲಕ್ಕೆ ಎಟುಕಲಿಲ್ಲ. ಮತ್ತೆ ಹಿಂದೆ ಸರಿದು ಕಣ್ಣು ಮುಚ್ಚಿಕೊಂಡರು.

"ಕೈ ಕೊಡೆ ನಂಗೆ."

ಆಪರೇಶನ್ ಆದಲ್ಲಿಂದ ನನ್ನ ಕೈ ಹಿಡಿದವರೆಲ್ಲ ನನ್ನನ್ನು ಎತ್ತಲು ಹಿಡಿದವರು. ಕೈ ಕೊಡು ಎಂದು ಕೇಳಿದವರು ಯಾರೂ ಇರಲಿಲ್ಲ. ಒಂದು ಕೈಯಲ್ಲಿ ವಾಕರ್ ಒತ್ತಿ ಹಿಡಿದು, ಬಗ್ಗದೆ, ಇನ್ನೊಂದು ಕೈ ಚಾಚಿದೆ. ಅತ್ತೆ ಅದನ್ನು ಹಿಡಿದು ಜಾರಿ ಇಳಿದರು. ನೆಲಕ್ಕೆ ಪಾದ ತಾಗಿದ ಮೇಲೂ ನನ್ನ ಕೈ ಬಿಡಲಿಲ್ಲ.

"ಹೆದರ್ಕೆ ಆಗ್ತದ್ಯಾ ನಿಂಗೆ?" ಎಂದು ಕೇಳಿದರು.

"ಹೌದು ಅತ್ತೆ. ಭಾರೀ ಹೆದ್ರಿಕೆ ಆಗ್ತದೆ."

"ನಂಗೂ ಆತು," ಎಂದರು. "ಕೂತ್ಕ."

ತಿರುಗಿದೆ. ಅಂಚು ತಾಗಿತು. ಕಾಲು ನಡುಗಿತು. ನಡುಗುತ್ತಲೇ ಎಡಗಾಲು ಮುಂದೆ ಚಾಚಿ, ಕುರ್ಚಿಯ ಕೈಗಳನ್ನು ಹುಡುಕಿ ಹಿಡಿದು ಇಳಿದೆ. ಹಲಗೆ ಸಿಕ್ಕಿತು. ಯಾವ ಸದ್ದೂ ಬರಲಿಲ್ಲ. ಉಸಿರಾಡಲು ಸ್ವಲ್ಪ ಹೊತ್ತು ಬೇಕಾಯಿತು. ಅತ್ತೆ ನನ್ನ ಫೋನು ತಂದು ಕೈಗೆ ಕೊಟ್ಟರು.

ಗಂಡನಿಗೆ ಫೋನು ಮಾಡಿದೆ. ಅವರು ಎತ್ತಿದಾಗ ಹಿಂದೆ ಬಂದರಿನ ಗದ್ದಲ, ಇಂಜಿನ್ ಸದ್ದು.

"ಮಾಲಕರಿಗೆ ಹೇಳಿ ಆತಾ?" ಎಂದೆ.

"ಇಲ್ಲ, ಅವ್ರು ಈಗ ಬಂದ್ರು. ಎಂತಕೆ? ಎಂತ ಆತು? ಬಿದ್ಯಾ? ಎಲ್ಲಿದ್ದೆ ನೀ?"

"ಹೇಳ್ಬೇಡಿ," ಎಂದೆ. "ನಾನು ಕೂತಿದ್ದೇನೆ."